ಮೀಟರ್‌ಗಿಂತ ಮೊದಲು ಕಣ್ಣು: ಕೆಲಸದ ಜಾಗದ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವುದು ಹೇಗೆ?

ಕೆಟಲ್, ಟೇಬಲ್ ಫ್ಯಾನ್, ಡ್ರಿಲ್, ಎಕ್ಸ್‌ಟೆನ್ಷನ್ ಬೋರ್ಡ್ ಹೀಗೆ ಪ್ಲಗ್ ಇರುವ, ಎತ್ತಿ ಒಯ್ಯಬಹುದಾದ ಎಲ್ಲವನ್ನೂ ಪಟ್ಟಿ ಮಾಡಿ, ಒಂದೊಂದಕ್ಕೂ ಸಂಖ್ಯೆ ಕೊಡಿ. ಯಾರೋ ಮನೆಯಿಂದ ತಂದು ಮೇಜಿನ ಕೆಳಗೆ ಇಟ್ಟುಕೊಂಡ ಹೀಟರ್ ಕೂಡ ಪಟ್ಟಿಗೆ ಸೇರಲಿ. ಇಂಥವೇ ಹೆಚ್ಚಾಗಿ ತಪ್ಪಿಸಿಕೊಳ್ಳುವುದು.

ಪರೀಕ್ಷೆಯ ಅಳತೆ ಮೀಟರ್ ಹೊರತೆಗೆಯುವ ಆತುರ ಬೇಡ. ಬಹುಪಾಲು ದೋಷಗಳು ಬರಿಗಣ್ಣಿಗೇ ಕಾಣುತ್ತವೆ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಕೇಬಲನ್ನು ತುದಿಯಿಂದ ತುದಿಯವರೆಗೆ ನಿಧಾನವಾಗಿ ನೋಡಿ. ಟೇಪ್ ಸುತ್ತಿದ ಜಾಗ ಸಿಕ್ಕರೆ ಅದನ್ನು ರಿಪೇರಿ ಎಂದು ಒಪ್ಪಬೇಡಿ, ದೋಷವೆಂದೇ ಬರೆದುಕೊಳ್ಳಿ. ಕೇಬಲ್ ಪ್ಲಗ್‌ನೊಳಗೆ ಮತ್ತು ಉಪಕರಣದೊಳಗೆ ಹೋಗುವ ಎರಡೂ ಕಡೆ ಹೆಚ್ಚು ಗಮನವಿರಲಿ. ಜಗ್ಗಿ ಜಗ್ಗಿ ಒಳಗಿನ ಬಣ್ಣದ ವೈರ್‌ಗಳು ಇಣುಕುವುದು ಅಲ್ಲಿಯೇ. ಪಿನ್ ಸುತ್ತ ಸುಟ್ಟ ಕಲೆಯಿದ್ದರೆ ಸಂಪರ್ಕ ಸಡಿಲವಾಗಿ ಬಿಸಿಯೇರಿರುವ ಸಾಧ್ಯತೆ ಹೆಚ್ಚು. ಆಗ ಸಾಕೆಟ್ಟನ್ನೂ ಪರೀಕ್ಷಿಸಬೇಕು. ಇಲ್ಲಿಯೇ ಸೋತ ಉಪಕರಣಕ್ಕೆ ಮೀಟರ್ ಹಚ್ಚುವ ಅಗತ್ಯವಿಲ್ಲ.

ಮುಂದಿನದು ತರಬೇತಿ ಪಡೆದವರ ಕೆಲಸ. ಉಪಕರಣದ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಕ್ಲಾಸ್ 2, ಅಂದರೆ ಅದರ ಸುರಕ್ಷತೆ ಅರ್ಥಿಂಗನ್ನು (ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ಸಂಪರ್ಕವನ್ನು) ನಂಬಿಕೊಂಡಿಲ್ಲ. ಲೋಹದ ಮೈಗೆ ಅರ್ಥಿಂಗ್ ಇರುವುದು ಕ್ಲಾಸ್ 1. ಇದಕ್ಕೆ ಮೊದಲು ಅರ್ಥ್ ಪಿನ್ನಿನಿಂದ ಬಣ್ಣ ಬಳಿಯದ ಲೋಹದ ಭಾಗದವರೆಗಿನ ರೋಧವನ್ನು, ಅಂದರೆ ವಿದ್ಯುತ್ ಹರಿಯಲು ಎದುರಾಗುವ ತಡೆಯನ್ನು, ಅಳೆಯಬೇಕು. ಕೇಬಲ್‌ನ ಸ್ವಂತ ರೋಧವನ್ನು ಬಿಟ್ಟು 0.1 ಓಮ್ ಸಾಮಾನ್ಯ ಗರಿಷ್ಠ ಮಿತಿ. ಅಳೆಯುವಾಗ ಕೇಬಲನ್ನು ಅಲ್ಲಲ್ಲಿ ಬಾಗಿಸಿ. ಅಂಕಿ ಕುಣಿದರೆ ಒಳಗೆ ಎಳೆಗಳು ತುಂಡಾಗಿರಬಹುದು.

ಬಳಿಕ ಇನ್ಸುಲೇಷನ್, ಅಂದರೆ ವಿದ್ಯುತ್ ಹೊರಗೆ ಸೋರದಂತೆ ತಡೆಯುವ ಹೊದಿಕೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಜೋಡಿಸಿ, ಅವಕ್ಕೂ ಅರ್ಥ್‌ಗೂ ನಡುವೆ 500 ವೋಲ್ಟ್ ಡಿಸಿ ಹಾಯಿಸುತ್ತಾರೆ. ಕ್ಲಾಸ್ 1ಕ್ಕೆ ಕನಿಷ್ಠ 1 ಮೆಗಾಓಮ್ (ಹತ್ತು ಲಕ್ಷ ಓಮ್) ರೋಧ ಬರಬೇಕು. ಕ್ಲಾಸ್ 2ರಲ್ಲಿ ಅರ್ಥ್ ಬದಲು ಹೊರಮೈಗೆ ಪ್ರೋಬ್ ಹಿಡಿಯಬೇಕು, ಅಲ್ಲಿ 2 ಮೆಗಾಓಮ್ ಬೇಕು. ಉಪಕರಣದ ಸ್ವಿಚ್ ಆನ್ ಆಗಿರಲಿ. ಇಲ್ಲವಾದರೆ ಪರೀಕ್ಷೆ ಸ್ವಿಚ್ಚಿನ ಬಳಿಯೇ ನಿಂತು, ಕೆಟ್ಟದ್ದೂ ಪಾಸಾಗಿಬಿಡುತ್ತದೆ! ಸಾಮಾನ್ಯ ಮಲ್ಟಿಮೀಟರ್ ಇದಕ್ಕೆ ಒದಗದು. ಅದರ ಕೆಲವೇ ವೋಲ್ಟ್‌ಗಳಿಗೆ ದುರ್ಬಲ ಇನ್ಸುಲೇಷನ್ ಮಣಿಯುವುದಿಲ್ಲ. ಸರ್ಜ್ ರಕ್ಷಣೆಯಿರುವ (ವೋಲ್ಟೇಜ್ ಥಟ್ಟನೆ ಏರಿದಾಗ ಕಾಪಾಡುವ) ಬೋರ್ಡ್‌ಗಳಿಗೆ 250 ವೋಲ್ಟ್ ಸಾಕು.

ಪಾಸಾದದ್ದಕ್ಕೆ ದಿನಾಂಕದ ಚೀಟಿ ಅಂಟಿಸಿ. ಫೇಲಾದದ್ದನ್ನು ಬರೀ ಚೀಟಿ ಹಚ್ಚಿ ಅಲ್ಲೇ ಬಿಡಬೇಡಿ, ಬೀಗ ಹಾಕಿದ ಕೋಣೆಗೆ ಸಾಗಿಸಿ. ಮರುಪರೀಕ್ಷೆ ಯಾವಾಗ ಎಂಬುದು ಬಳಕೆಯನ್ನು ಅವಲಂಬಿಸಿದೆ: ಧೂಳು, ನೀರಿನ ನಡುವೆ ಕೈಯಿಂದ ಕೈಗೆ ಓಡಾಡುವ ಡ್ರಿಲ್ಲಿಗೆ ಪದೇ ಪದೇ ಬೇಕು, ಮೇಜು ಬಿಟ್ಟು ಕದಲದ ಕಂಪ್ಯೂಟರಿಗೆ ಅಷ್ಟು ಬೇಡ.