ಟೆಸ್ಟರ್ ಉರಿಯುತ್ತದೆ, ಮಿಕ್ಸಿ ತಿರುಗುವುದಿಲ್ಲ: ಸಾಕೆಟ್ ತೊಂದರೆ ಹುಡುಕುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ಹಾಕಿದರೆ ಸದ್ದೇ ಇಲ್ಲ. ಸಾಕೆಟ್‌ಗೆ ಟೆಸ್ಟರ್ ಇಟ್ಟೆ, ಉರಿಯಿತು. ಕರೆಂಟ್ ಇದೆ, ಮಿಕ್ಸಿಯೇ ಕೆಟ್ಟಿದೆ ಅಂದುಕೊಂಡು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಅದು ಚೆನ್ನಾಗಿಯೇ ತಿರುಗಿತು. ಕೆಟ್ಟಿದ್ದು ನಮ್ಮ ಸಾಕೆಟ್‌ನ ನ್ಯೂಟ್ರಲ್ ವಯರ್, ಅಂದರೆ ಕರೆಂಟ್ ವಾಪಸ್ ಹೋಗುವ ವಯರ್.

ಟೆಸ್ಟರ್ ಹೇಳುವುದು ಫೇಸ್ (ಕರೆಂಟ್ ತರುವ ವಯರ್) ಬಂದಿದೆಯೇ ಎಂದು ಮಾತ್ರ. ಕರೆಂಟ್ ವಾಪಸ್ ಹೋಗುವ ದಾರಿ ಸರಿ ಇದೆಯೇ ಎಂದು ಅದು ಹೇಳುವುದಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ತೊಂದರೆ ಬೋರ್ಡ್ ಬಿಚ್ಚದೆಯೇ ಸಿಗುತ್ತದೆ.

ಮೊದಲು ಅದೇ ಸಾಕೆಟ್‌ಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಅದೂ ಉರಿಯದಿದ್ದರೆ ತೊಂದರೆ ಮಿಕ್ಸಿಯದಲ್ಲ, ಸಾಕೆಟ್‌ನಲ್ಲೋ ಅದರ ಲೈನಿನಲ್ಲೋ ಇದೆ. ಅಕ್ಕಪಕ್ಕದ ಯಾವ ಯಾವ ಸಾಕೆಟ್ ಕೆಲಸ ಮಾಡುತ್ತಿಲ್ಲ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಆಮೇಲೆ ಎಂಸಿಬಿ (ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ತಾನಾಗಿ ಬೀಳುವ ಸ್ವಿಚ್) ನೋಡಿ. ಅರ್ಧಕ್ಕೆ ನಿಂತಿದ್ದರೆ ಪೂರ್ತಿ ಕೆಳಗಿಳಿಸಿ, ನಂತರ ಮೇಲೆತ್ತಿ. ಎಲ್ಲ ಪ್ಲಗ್ ತೆಗೆದ ಮೇಲೂ ಬೀಳುತ್ತಿದ್ದರೆ ವಯರಿಂಗ್‌ನಲ್ಲೇ ಶಾರ್ಟ್ ಇರಬಹುದು, ಮತ್ತೆ ಮತ್ತೆ ಎತ್ತಬೇಡಿ. ಬೀಳುತ್ತಿರುವುದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಆದರೆ ಎಲ್ಲ ಪ್ಲಗ್ ತೆಗೆದು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದರಲ್ಲಿ ಲೀಕೇಜ್ ಇದೆ. ನೀರು ತಾಗುವ ಗ್ರೈಂಡರ್, ಗೀಸರ್ ಮೇಲೆ ಮೊದಲು ಅನುಮಾನ ಇರಲಿ.

ಈಗ ಟೆಸ್ಟರ್. ಸಾಕೆಟ್‌ಗೆ ಎದುರಾಗಿ ನಿಂತರೆ ಮೇಲಿನ ದೊಡ್ಡ ತೂತು ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವಯರ್), ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಸ್ವಿಚ್ ಆನ್ ಮಾಡಿದಾಗ ಬಲಗಡೆ ಮಾತ್ರ ಉರಿಯಬೇಕು. ಎಲ್ಲೂ ಉರಿಯದಿದ್ದರೆ ಫೇಸ್ ಬರುತ್ತಿಲ್ಲ, ಎಷ್ಟೋ ಸಲ ಸವೆದ ಸ್ವಿಚ್ಚೇ ಕಾರಣ. ಬಲಗಡೆ ಉರಿದರೂ ಲ್ಯಾಂಪ್ ಹತ್ತದಿದ್ದರೆ ಮೊದಲ ಅನುಮಾನ ನ್ಯೂಟ್ರಲ್ ಮೇಲೆ.

ಎರಡೂ ಕಡೆ ಉರಿದರೆ ಜನ ಗಾಬರಿಯಾಗುತ್ತಾರೆ, ಡಬಲ್ ಫೇಸ್ ಬಂದಿದೆ ಅನ್ನುತ್ತಾರೆ. ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ನ್ಯೂಟ್ರಲ್ ಎಲ್ಲೋ ಕಟ್ ಆಗಿರುತ್ತದೆ. ಅದೇ ಲೈನಿನಲ್ಲಿ ಆನ್ ಇರುವ ಫ್ರಿಡ್ಜೋ ಇಂಡಿಕೇಟರ್ ದೀಪವೋ ತನ್ನ ಮೂಲಕ ಫೇಸನ್ನು ಎಡಗಡೆಯ ತೂತಿಗೆ ದಾಟಿಸುತ್ತಿರುತ್ತದೆ. ಪ್ಲಗ್‌ಗಳನ್ನು ತೆಗೆದು, ಇಂಡಿಕೇಟರ್‌ನ ಸ್ವಿಚ್ ಆರಿಸಿ ನೋಡಿ, ಎಡಗಡೆ ಉರಿಯುವುದು ನಿಂತರೆ ಖಾತ್ರಿಯಾಯಿತು. ನಮ್ಮ ಮನೆಯಲ್ಲಿ ಆಗಿದ್ದೂ ಇದೇ.

ಅರ್ತ್ ತೂತಿನಲ್ಲಿ ಟೆಸ್ಟರ್ ಉರಿದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಅರ್ತ್ ಕಟ್ ಆಗಿ, ಯಾವುದೋ ಯಂತ್ರದ ಮೈಗೆ ಕರೆಂಟ್ ಹರಿಯುತ್ತಿರಬಹುದು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಫೇಸ್, ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಬರಬೇಕು. ಫೇಸ್, ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ಇದು ತೀರಾ ಕಡಿಮೆ ಇದ್ದರೆ ಅರ್ತಿಂಗ್ ಸರಿ ಇಲ್ಲ.

ಬೋರ್ಡ್ ಬಿಚ್ಚುವ ಮುಂಚೆ ಒಂದು ಮಾತು, ದಯವಿಟ್ಟು ಮರೆಯಬೇಡಿ. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನ ಸಾಕೆಟ್‌ಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಬರೀ ಯುಪಿಎಸ್ ಆಫ್ ಮಾಡಿದರೂ ಸಾಲದು. ಬಹಳಷ್ಟು ಯುಪಿಎಸ್‌ಗಳು ಆಗ ಮೇನ್ ಕರೆಂಟನ್ನು ನೇರವಾಗಿ ದಾಟಿಸುತ್ತವೆ. ಹಾಗಾಗಿ ಎರಡನ್ನೂ ಆಫ್ ಮಾಡಬೇಕು. ಮೇನ್ ಇಳಿಸುವ ಮುಂಚೆ ಕರೆಂಟ್ ಇರುವ ಕಡೆ ಟೆಸ್ಟರ್ ಇಟ್ಟು ಅದು ಉರಿಯುತ್ತದೆ ಎಂದು ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ನಂಬಿ ಕೈ ಹಾಕುವುದು ಬೇಡ. ಎರಡೂ ಆಫ್ ಆದ ಮೇಲೆ ಬೋರ್ಡ್‌ನ ಪ್ರತಿ ವಯರನ್ನೂ ಹಾಗೆ ನೋಡಿಕೊಂಡ ಟೆಸ್ಟರ್‌ನಿಂದಲೇ ಮುಟ್ಟಿ ನೋಡಿ, ಎಲ್ಲೂ ಉರಿಯಬಾರದು. ಅಭ್ಯಾಸ ಇಲ್ಲದಿದ್ದರೆ ಇಲ್ಲಿಂದ ಮುಂದಿನದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು ಕಂಡುಕೊಂಡಿದ್ದನ್ನು ಹೇಳಿದರೆ ಅವರ ಕೆಲಸ ಬೇಗ ಮುಗಿಯುತ್ತದೆ.

ಸಾಕೆಟ್‌ಗಳಿಗೆ ವಯರ್ ಸಾಮಾನ್ಯವಾಗಿ ಒಂದರಿಂದ ಇನ್ನೊಂದಕ್ಕೆ ಲೂಪ್ ಆಗಿ ಹೋಗಿರುತ್ತದೆ. ಆ ಚೀಟಿ ಈಗ ತೆಗೆಯಿರಿ. ಕೆಲಸ ಮಾಡುತ್ತಿರುವ ಕೊನೆಯ ಬೋರ್ಡ್, ಮಾಡದ ಮೊದಲ ಬೋರ್ಡ್, ತೊಂದರೆ ಹೆಚ್ಚಾಗಿ ಈ ಎರಡರಲ್ಲಿ ಒಂದರಲ್ಲಿ ಇರುತ್ತದೆ. ಲೂಸ್ ಆದ ಸ್ಕ್ರೂ, ಕಪ್ಪಾದ ವಯರ್, ಕರಗಿದ ಪ್ಲಾಸ್ಟಿಕ್ ಹುಡುಕಿ. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಗಟ್ಟಿಯಾಗಿ ಬಿಗಿಯಬೇಕು. ಸುಟ್ಟ ಸಾಕೆಟ್ ಬದಲಿಸಲೇಬೇಕು, ಟೇಪ್ ಸುತ್ತಿ ಸುಮ್ನೆ ಬಿಡಬಾರದು.

ಯಾಕೆ ಸುಟ್ಟಿತು ಎಂದೂ ನೋಡಬೇಕು ಅಲ್ವಾ? ನಾವು 2000 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು ಕನ್ವರ್ಷನ್ ಪ್ಲಗ್ ಹಾಕಿ 6 ಆಂಪಿಯರ್ ಸಾಕೆಟ್‌ನಲ್ಲಿ ಬಳಸುತ್ತಿದ್ದೆವು. ಒಲೆ ಎಳೆಯುವುದು ಹತ್ತಿರ ಹತ್ತಿರ 9 ಆಂಪಿಯರ್. ಈಗ ಅದಕ್ಕೆ 16 ಆಂಪಿಯರ್ ಸಾಕೆಟ್, ಎರಡೂವರೆ ಸ್ಕ್ವೇರ್ ಎಂಎಂ ವಯರ್ ಹಾಕಿಸಿದ್ದೇವೆ.

ಇಡೀ ಮನೆಯ ದೀಪಗಳು ಕೆಲವು ಮಂಕಾಗಿ, ಕೆಲವು ಜಾಸ್ತಿ ಪ್ರಕಾಶವಾಗಿ ಉರಿದರೆ ಅದು ಸಾಕೆಟ್‌ನ ತೊಂದರೆ ಅಲ್ಲ. ಮೇನ್ ನ್ಯೂಟ್ರಲ್ ಲೂಸ್ ಆಗಿರಬಹುದು. ಕೂಡಲೇ ಮೇನ್ ಆಫ್ ಮಾಡಿ ವಿದ್ಯುತ್ ಕಂಪನಿಯ ದೂರು ಸಂಖ್ಯೆ 1912ಕ್ಕೆ ಕರೆ ಮಾಡಿ. ಮೀಟರಿನ ಸೀಲ್ ಮುಟ್ಟಬೇಡಿ.

ಬೋರ್ಡ್ ಮುಚ್ಚಿದ ಮೇಲೆ ಮೊದಲು ಟೇಬಲ್ ಲ್ಯಾಂಪ್, ಆಮೇಲೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಹತ್ತು ನಿಮಿಷ ಬಿಟ್ಟು ಸ್ವಿಚ್ ಆರಿಸಿ, ಒಣಗಿದ ಕೈಯನ್ನು ಸಾಕೆಟ್‌ನ ಪ್ಲಾಸ್ಟಿಕ್ ಮೇಲೆ ಇಡಿ. ಬಿಸಿ ಹತ್ತಿದರೆ ಒಳಗಿನ ಸ್ಕ್ರೂ ಇನ್ನೂ ಲೂಸ್ ಇರಬಹುದು. ಮೇನ್, ಯುಪಿಎಸ್ ಎರಡನ್ನೂ ಆಫ್ ಮಾಡಿ ಇನ್ನೊಮ್ಮೆ ಬಿಗಿಯಿರಿ.