ಕೋಳಿ ಲೆಕ್ಕದ ನೋಟ್‌ಬುಕ್

ನಮ್ಮೂರು ಚಿತ್ತಾಪುರ ತಾಲೂಕಿನಲ್ಲಿದೆ. ಮನೆ ಹಿಂದೆ ಶಹಾಬಾದ್ ಫರ್ಸಿ ಕಲ್ಲು ನಿಲ್ಲಿಸಿ ಕಟ್ಟಿದ ಒಂದು ಗೂಡು. ಅದರಲ್ಲಿ ಇಪ್ಪತ್ತೈದು, ಮೂವತ್ತು ಜವಾರಿ ಕೋಳಿ ಯಾವಾಗಲೂ ಇರುತ್ತವೆ. ಕೋಳಿಗಳು ಅತ್ತೆಯವು, ತತ್ತಿ ಮಾರಿದ ದುಡ್ಡೂ ಅವರದೇ. ನನ್ನದು ಒಂದು ನೋಟ್‌ಬುಕ್ ಮಾತ್ರ.

ಅದು ಶುರುವಾದದ್ದು ಜಗಳದಿಂದ. ಬಾಜೂ ಮನೆಯವರು ನಮ್ಮ ಕೆಂಪು ಹೇಂಟೆಯನ್ನು ತಮ್ಮದು ಅಂದರು. "ನಮ್ಮದ್ರ ಕಾಲು ಹಳದಿ ಅದ, ನೋಡ್ರಿ ಬೇಕಂದ್ರ" ಅಂತ ಅವರು. "ನಮ್ಮದ್ರ ಕಾಲೂ ಹಳದಿನೇ ಅದ" ಅಂತ ಅತ್ತೆ. ಹಿಡಿದು ನೋಡಿದರೆ ಕಾಲು ಹಳದಿಯೇ ಅಲ್ಲ, ಮಾಸಿದ ಬಿಳಿ! ಇಬ್ಬರೂ ಸುಮ್ಮನಾದರು. ಕತ್ತಲಾದ ಮೇಲೆ ಕೋಳಿ ತಾನಾಗಿಯೇ ನಮ್ಮ ಗೂಡಿಗೆ ಬಂತು, ಜಗಳ ಮುಗಿಯಿತು. ಮಾರನೇ ದಿನವೇ ನಾನು ಮಗನ ಹಳೇ ನೋಟ್‌ಬುಕ್ ತಗೊಂಡು ಪ್ರತಿ ಕೋಳಿಯ ಮೈಬಣ್ಣ, ಕಾಲು, ಕುತ್ತಿಗೆ, ತೂಕ ಬರೆಯಲು ಕುಳಿತೆ. ಅತ್ತೆ ನಕ್ಕರು. "ಕೋಳಿಗೂ ಆಧಾರ್ ಕಾರ್ಡ್ ಮಾಡಸ್ಲತ್ತಿ ಏನ್ ಯವ್ವಾ?"

ಮೊದಲು ಗುರುತು ಹಾಕಬೇಕಲ್ಲ. ವೈರಿಂಗ್‌ನವರು ಬಳಸುವ ಬಣ್ಣದ ಪ್ಲಾಸ್ಟಿಕ್ ಟೈ ತಂದು ಕಾಲಿಗೆ ಹಾಕಿದೆ. ದೊಡ್ಡ ಕೋಳಿಗೆ ಏನೂ ಆಗಲಿಲ್ಲ. ಎರಡು ತಿಂಗಳ ಮರಿಗಳಿಗೂ ಹಾಗೇ ಬಿಗಿದಿದ್ದೆ. ಮೂರು ವಾರದಲ್ಲಿ ಒಂದು ಮರಿ ಕುಂಟತೊಡಗಿತು. ಕಾಲು ದಪ್ಪವಾಗಿದೆ, ಟೈ ಅಷ್ಟೇ ಇದೆ, ಚರ್ಮದೊಳಗೆ ಹೂತಿದೆ. ಕತ್ತರಿಸಿ ಅರಿಶಿನ ಹಚ್ಚಿದೆ, ಬದುಕಿತು. ಈಗ ಕಿರುಬೆರಳು ತೂರುವಷ್ಟು ಸಡಿಲ ಬಿಡುತ್ತೇನೆ, ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ.

ತೂಕದಲ್ಲೂ ಹೀಗೇ ಎಡವಿದೆ. ಸಂಜೆ ಗೂಡಿಗೆ ಬಂದಾಗ ಹಿಡಿಯುವುದು ಸುಲಭ ಅಂತ ಆಗಲೇ ಚೀಲಕ್ಕೆ ಹಾಕಿ ಕಾಟಾಕ್ಕೆ ತೂಗುಹಾಕುತ್ತಿದ್ದೆ. ಒಂದೇ ಕೋಳಿ ಸಂಜೆ 1 ಕೆಜಿ 400 ಗ್ರಾಂ, ಮಾರನೇ ಬೆಳಿಗ್ಗೆ 1 ಕೆಜಿ 300. ಹೊಟ್ಟೆತುಂಬ ಜೋಳ ತಿಂದು ಬಂದದ್ದನ್ನೂ ಸೇರಿಸಿ ತೂಗಿದ್ದೆ, ಅಷ್ಟೇ. ಈಗ ಬೆಳಿಗ್ಗೆ ಗೂಡು ತೆಗೆಯುವ ಮುಂಚೆ ತೂಗುತ್ತೇನೆ.

ಆ ಕೆಂಪು ಹೇಂಟೆಯ ಕಾಲಿನ ವಿಷಯ ತಿಳಿಯಲು ಏಳೆಂಟು ತಿಂಗಳು ಬೇಕಾಯಿತು. ದೀಪಾವಳಿ ಹೊತ್ತಿಗೆ ಅದರ ಕಾಲಿನ ಮುಂದೆ "ಬಿಳಿ" ಅಂತ ಬರೆದಿದ್ದೆ. ಮುಂದಿನ ಮಳೆಗಾಲದಲ್ಲಿ ನೋಡಿದರೆ ಹಳದಿ. ನಾನೇ ತಪ್ಪು ಬರೆದಿರಬೇಕು ಅಂದುಕೊಂಡೆ. ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮ ಸಂಬಂಧಿಕರ ಹುಡುಗ ಊರಿಗೆ ಬಂದಾಗ ತೋರಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಆಗ ಇದು ತತ್ತಿ ಇಡ್ತಿತ್ತಾ?"

ಇಡುತ್ತಿತ್ತು. ಅದರಲ್ಲಿ ಗಿರಿರಾಜನ ರಕ್ತ ಇದೆ. ಗಿರಿರಾಜ ಅಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ತಳಿ, ಕಾವಿಗೆ ಕೂರುವ ಗೋಜಿಗೆ ಹೋಗುವುದಿಲ್ಲ. ಇದೂ ಅಷ್ಟೇ. ಉಳಿದವು ಹನ್ನೆರಡು, ಹದಿನೈದು ತತ್ತಿ ಇಟ್ಟು ಬುಟ್ಟಿಯಲ್ಲಿ ಕೂತುಬಿಟ್ಟರೆ ಇದು ತಿಂಗಳುಗಟ್ಟಲೆ ಇಡುತ್ತಲೇ ಇತ್ತು. ಕಾಲಿನ ಹಳದಿ ಬರುವುದು ತಿಂದ ಸೊಪ್ಪು, ಗೋವಿನಜೋಳದಿಂದ. ತತ್ತಿ ಇಡುವಾಗ ಆ ಬಣ್ಣ ತತ್ತಿಯೊಳಗಿನ ಹಳದಿ ಭಾಗಕ್ಕೆ ಹೋಗುತ್ತದೆ. ಮೊದಲು ತತ್ತಿ ಹೊರಬರುವ ಜಾಗ ಬಿಳಿಚುತ್ತದೆ, ಆಮೇಲೆ ಕಣ್ಣಿನ ಸುತ್ತ, ಆಮೇಲೆ ಕೊಕ್ಕು, ಕೊನೆಗೆ ಕಾಲು. ಇಡುವುದು ನಿಂತರೆ ಬಣ್ಣ ವಾಪಸ್. ಹುಟ್ಟಿನಿಂದಲೇ ಬಿಳಿ ಕಾಲಿನವೂ ಇವೆ, ಕಪ್ಪು ಕಾಲಿನವೂ ಇವೆ. ಅದಕ್ಕೇ ಈಗ ಕಾಲಿನ ಬಣ್ಣದ ಪಕ್ಕದಲ್ಲಿ ತಾರೀಖು, ತತ್ತಿ ಇಡುತ್ತಿದೆಯೋ ಇಲ್ಲವೋ ಅಂತಲೂ ಬರೆಯುತ್ತೇನೆ. ಅತ್ತೆಗೆ ಇದರಿಂದ ಬೇರೆಯೇ ಉಪಯೋಗ ಆಯಿತು. ಹಿತ್ತಲಲ್ಲಿ ಕದ್ದು ತತ್ತಿ ಇಡುವ ಕೋಳಿ ಯಾವುದು ಅಂತ ಈಗ ಹಿಡಿದು, ಬಾಲ ಎತ್ತಿ ನೋಡಿ ಹೇಳುತ್ತಾರೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಪಟ್ಟೆ ಹೇಂಟೆ. ಕಪ್ಪು ಪುಕ್ಕ, ಒಂದೊಂದರ ಮೇಲೂ ಬಿಳಿ ಅಡ್ಡಗೆರೆ, ದೂರದಿಂದ ಬೂದಿ ಬಣ್ಣ ಕಾಣುತ್ತದೆ. ಅದಕ್ಕೆ ಜೊತೆ ನಮ್ಮ ಕೆಂಪು ಹುಂಜ, ಮೈಮೇಲೆ ಒಂದು ಗೆರೆಯೂ ಇಲ್ಲ. ಮರಿ ಆದಾಗ ಎಲ್ಲ ಕರಿ, ಆದರೆ ಕೆಲವಕ್ಕೆ ನೆತ್ತಿಯ ಮೇಲೆ ಸುಣ್ಣದ ಬೊಟ್ಟು ಇಟ್ಟ ಹಾಗೆ ಬಿಳಿ ಚುಕ್ಕೆ. 11 ಮರಿಯಲ್ಲಿ 5ಕ್ಕೆ ಚುಕ್ಕೆ. ಸುಮ್ನೆ ಬರೆದಿಟ್ಟೆ. ಒಂದನ್ನು ಹದ್ದು ಒಯ್ಯಿತು. ಎರಡೂವರೆ ತಿಂಗಳಿಗೆ ಚುಕ್ಕೆ ಇದ್ದ ಉಳಿದ ನಾಲ್ಕಕ್ಕೂ ಪಟ್ಟೆ ಬಂದಿತ್ತು, ನಾಲ್ಕೂ ಹುಂಜ! ಚುಕ್ಕೆ ಇಲ್ಲದವೆಲ್ಲ ಹೇಂಟೆ, ಮೈಮೇಲೆ ಪಟ್ಟೆಯೂ ಇಲ್ಲ. ಪಟ್ಟೆಯ ಗುಣ ಲಿಂಗದ ವರ್ಣತಂತುವಿನಲ್ಲಿ ಕೂತಿರುತ್ತದಂತೆ. ಹೇಂಟೆಗೆ ಅದು ಒಂದೇ ಇರುವುದು, ಅದನ್ನು ಗಂಡು ಮಕ್ಕಳಿಗೆ ಮಾತ್ರ ಕೊಡುತ್ತದೆ. ಹುಂಜ ಪಟ್ಟೆಯದಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದರ ಹೆಣ್ಣು ಮಕ್ಕಳಿಗೂ ಪಟ್ಟೆ ಬರುತ್ತದೆ. ಮರಿ ಕರಿ ಇಲ್ಲದಿದ್ದರೆ ಚುಕ್ಕೆ ಸರಿಯಾಗಿ ಕಾಣುವುದೂ ಇಲ್ಲ. ಆದರೂ ಹುಟ್ಟಿದ ದಿನವೇ ಗಂಡು ಹೆಣ್ಣು ಗೊತ್ತಾಗುವುದು ಸಣ್ಣ ಮಾತಾ?

ಮೈಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂತೆಯಲ್ಲಿ ಕೆಂಪು ಹುಂಜಕ್ಕೆ ಒಳ್ಳೆ ರೇಟು, ಹರಕೆಯವರು ಬಣ್ಣ ನೋಡಿಯೇ ಕೇಳುತ್ತಾರೆ. ಬಿಳಿ ಮರಿ ಮಾತ್ರ ನಮ್ಮಲ್ಲಿ ನಿಲ್ಲುವುದಿಲ್ಲ. ಎರೆ ಹೊಲದಲ್ಲಿ ಓಡಾಡುವ ಬಿಳಿ ಮರಿ ಹದ್ದಿಗೆ ಎಷ್ಟು ದೂರದಿಂದ ಕಾಣಬೇಡ!

ಇನ್ನು ಬರಿಗುತ್ತಿಗೆ. ಸಂತೆಯಿಂದ ಅತ್ತೆ ತಂದ ಒಂದು ಹೇಂಟೆಗೆ ಕುತ್ತಿಗೆ ಮೇಲೆ ಪುಕ್ಕವೇ ಇರಲಿಲ್ಲ, ಕೆಂಪು ಚರ್ಮ. ಬೋಳಿ ಅಂತ ಕರೆದರೆ ಅಂಗಳದಲ್ಲಿ ಕೂತ ಹೆಂಗಸರಿಗೆ ಬೈಗುಳ ಕೇಳಿದ ಹಾಗಾಗುತ್ತದೆ, ಅದಕ್ಕೇ ಬರಿಗುತ್ತಿಗೆ. ಮುಂಗುತ್ತಿಗೆಯಲ್ಲಿ ಮಾತ್ರ ಒಂದು ಗೊಂಚಲು ಪುಕ್ಕ ಇತ್ತು. ಆ ಗೊಂಚಲು ಇದ್ದರೆ ಗುಣ ಒಂಟಿ, ಅವ್ವನಿಂದಲೋ ಅಪ್ಪನಿಂದಲೋ ಒಂದೇ ಕಡೆಯಿಂದ ಬಂದದ್ದು. ಎರಡೂ ಕಡೆಯಿಂದ ಬಂದಿದ್ದರೆ ಕುತ್ತಿಗೆ ಪೂರ್ತಿ ಖಾಲಿ, ಮೈ ಪುಕ್ಕವೂ ಸುಮಾರು 40 ಪ್ರತಿಶತ ಕಡಿಮೆ. ನಮ್ಮ ಮಾಮೂಲಿ ಹುಂಜದ ಜೊತೆ ಇದಕ್ಕೆ ಎರಡು ಕಾವಿನಲ್ಲಿ 17 ಮರಿ ಆದವು. ಅದರಲ್ಲಿ 8 ಬರಿಗುತ್ತಿಗೆ.

ಮೊದಲು ನನಗೆ ಅದರ ಮುಖ ನೋಡಲೂ ಮನಸ್ಸಿರಲಿಲ್ಲ. ಮಾರೋಣ ಅಂದೆ. ಸಂತೆಗೆ ಒಯ್ದರೆ ಕೊಳ್ಳುವವನು ಕೇಳಿದ, "ರೋಗ ಅದ ಏನ್ರಿ?" ಅತ್ತೆ ಬಿಡುತ್ತಾರಾ? "ರೋಗ ಇಲ್ಲೋ ತಮ್ಮಾ, ಅರ್ಧ ಪುಕ್ಕ ನಾವೇ ಕಿತ್ತು ಕೊಡ್ಲತ್ತೀವಿ ಅಂತ ತಿಳ್ಕೋ." ಆದರೂ ಅವನು ತಗೊಳ್ಳಲಿಲ್ಲ. ವಾಪಸ್ ತಂದೆವು.

ಅದು ಏಪ್ರಿಲ್. ಕಲಬುರಗಿ ಬಿಸಿಲು ಹೇಳಬೇಕಾ? ಮೇ ತಿಂಗಳಲ್ಲಿ ಫರ್ಸಿ ಗೂಡು ಹೆಂಚಿನ ಹಾಗೆ ಕಾಯುತ್ತದೆ. ಹನ್ನೊಂದಕ್ಕೇ ಕೋಳಿಗಳೆಲ್ಲ ಬೇವಿನ ಕೆಳಗೆ ರೆಕ್ಕೆ ಜೋತುಬಿಟ್ಟು, ಬಾಯಿ ತೆರೆದು ತೇಕುತ್ತಿದ್ದವು. ಹಾಕಿದ ನುಚ್ಚು ಹಾಗೇ ಬಿದ್ದಿರುತ್ತಿತ್ತು. ಬರಿಗುತ್ತಿಗೆಯೂ ಅದರ ಮಕ್ಕಳೂ ಮಾತ್ರ ಇನ್ನೂ ತಿಪ್ಪೆ ಕೆದರುತ್ತಿದ್ದವು. ಬರಿ ಚರ್ಮದಿಂದ ಮೈ ಶಾಖ ಬೇಗ ಹೊರಗೆ ಹೋಗುತ್ತದೆ. ಜೂನ್ ಮೊದಲ ವಾರ ತೂಗಿದಾಗ ಒಂದೇ ಕಾವಿನ ಮರಿಗಳಲ್ಲಿ ಮೇಲಿನ ಮೂರು ಅವೇ. ಒಂದು ಕಾವಿನ ಲೆಕ್ಕ ಅಷ್ಟೇ ಇದು, ಹಾಗಂತ ದೊಡ್ಡ ಮಾತು ಆಡಲಾರೆ. ಡಿಸೆಂಬರ್ ಚಳಿಯಲ್ಲಿ ಉಳಿದವಕ್ಕಿಂತ ಮುಂಚೆ ಮುದುಡಿ ಕೂರುವವೂ ಅವೇ. ಆಗ ಗೂಡಿಗೆ ಗೋಣಿಚೀಲ ಕಟ್ಟಬೇಕು.

ಅದರ ಮಗ ಒಂದು ಹುಂಜ ಚೆನ್ನಾಗಿ ಬೆಳೆಯಿತು, ಹತ್ತಿರ ಹತ್ತಿರ ಎರಡು ಕೆಜಿ. ಆದರೆ ಅವ್ವ, ಅಕ್ಕ ತಂಗಿಯರ ನಡುವೆಯೇ ಅದನ್ನು ಬಿಟ್ಟುಕೊಳ್ಳುವಂತಿಲ್ಲ. ಸೇಡಂ ಕಡೆ ಇರುವ ನನ್ನ ತವರಿಗೆ ಕೊಟ್ಟು, ಅಲ್ಲಿಂದ ಒಂದು ಹುಂಜ ತಂದೆವು. ಎರಡು ದಿನಕ್ಕೆ ನಮ್ಮವ್ವನ ಫೋನು: "ಕುತಿಗಿ ಅರಿವಿ ಅಲ್ಲೇ ಬಿಟ್ಟು ಕಳಿಸೀರಿ ಏನ್?"

ತವರಿನ ಹುಂಜಕ್ಕೆ ಕಪ್ಪು ಕಾಲು, ಕುತ್ತಿಗೆ ತುಂಬ ಪುಕ್ಕ. ಜುಟ್ಟು ಮಾತ್ರ ನಮ್ಮವುಗಳ ಹಾಗೆ ಗರಗಸದಂತೆ ನಿಂತಿಲ್ಲ. ನೆತ್ತಿಗೆ ಅಂಟಿಕೊಂಡ ಮೂರು ಗಿಡ್ಡ ಸಾಲು, ನಡುವಿನದು ಸ್ವಲ್ಪ ಎತ್ತರ. ಮೊನ್ನೆ ಅದರ ಮೊದಲ ಮರಿಗಳಾದವು. ನಾನು ಜುಟ್ಟಿನ ಕಾಲಂ ಹಾಕಿರಲೇ ಇಲ್ಲ. ನೋಟ್‌ಬುಕ್ ಅಡ್ಡ ಹಿಡಿದು ಗೆರೆ ಎಳೆಯುತ್ತಿದ್ದಾಗ ಅತ್ತೆ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದು, ನೆತ್ತಿಯ ಮೇಲೆ ಬೆರಳಾಡಿಸಿ, "ಇದಕ್ಕೂ ಮೂರು ಸಾಲು ಅದ, ಬರ್ಕೋ" ಅಂದರು.