360 ವ್ಯಾಟ್ ಒಳಗೆ ಒಂದು ಗೇಮಿಂಗ್ ಪಿಸಿ: ಭಾಗ ಆರಿಸಿದ ನನ್ನ ಅನುಭವ

ಪಿಸಿ ಪಟ್ಟಿಯನ್ನು ಕೆಲವರು ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ, ಕೆಲವರು ಗ್ರಾಫಿಕ್ಸ್ ಕಾರ್ಡ್‌ನಿಂದ. ನಾನು ಶುರು ಮಾಡಿದ್ದು, ಕರೆಂಟು ಹೋದಾಗ ಬ್ಯಾಟರಿಯಿಂದ ಪಿಸಿ ಉಳಿಸುವ ಯುಪಿಎಸ್‌ನಿಂದ. "ಯುಪಿಎಸ್ ನೋಡಿ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋರನ್ನ ಇವತ್ತೇ ನೋಡಿದ್ದು ಮಾರಾಯ" ಅಂತ ನಕ್ಕವರು ಬಹಳ ಮಂದಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ನಕ್ಕವರ ಮೆಷಿನ್‌ಗಳು ಆಟದ ನಡುವೆ ಪಟ್ಟೆಂದು ಆರುತ್ತವೆ, ನನ್ನದು ಆರುವುದಿಲ್ಲ. ಆ ಧೈರ್ಯದ ಮೇಲೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿದ್ದದ್ದು 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್. ಡಬ್ಬಿಯ ಮೇಲೆ 600 ಅಂತಿದ್ದರೂ ಅದು ಕೊಡುವುದು 360 ವ್ಯಾಟ್. ಒಳಗಿರುವುದು 12 ವೋಲ್ಟ್, 7 ಎಎಚ್‌ನ ಒಂದೇ ಬ್ಯಾಟರಿ. 1000-1100 ವಿಎಗೆ ಹೋದರೆ ಆಗ ಐದಾರು ಸಾವಿರ ಹೆಚ್ಚಾಗುತ್ತಿತ್ತು, ಎರಡು ಮೂರು ವರ್ಷಕ್ಕೊಮ್ಮೆ ಎರಡೆರಡು ಬ್ಯಾಟರಿ. ಆ ದುಡ್ಡು ಕಾರ್ಡ್‌ಗೆ ಹೋಗಲಿ ಅಂತ ಮಿತಿ ಹಾಕಿಕೊಂಡೆ: ಮಾನಿಟರ್ ಸೇರಿ ಆಟ ಆಡುವಾಗ ಗೋಡೆಯಿಂದ ಎಳೆಯುವುದು 280 ವ್ಯಾಟ್ ದಾಟಬಾರದು.

ಮಿತಿ ಹಾಕಿದ ಮೇಲೆ ಅರ್ಧ ಪಟ್ಟಿ ತಾನೇ ಖಾಲಿಯಾಯಿತು. ಎಲ್ಲರೂ ಹೇಳುತ್ತಿದ್ದದ್ದು ಆರ್‌ಎಕ್ಸ್ 6700 ಎಕ್ಸ್‌ಟಿ ಅನ್ನುವ ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಒಂದೇ 230 ವ್ಯಾಟ್. ಎರವಲು ತಂದು ಹಾಕಿ ನೋಡಿದ್ದಾಯಿತು. ವ್ಯಾಟ್ ಮೀಟರ್ 360ರ ಆಸುಪಾಸು ಕುಣಿಯಿತು, ಗೋಡೆಯ ಸ್ವಿಚ್ ಆರಿಸಿದ ಕೂಡಲೇ ಯುಪಿಎಸ್ ಉದ್ದಕ್ಕೆ ಕಿರುಚಿ ಮಲಗಿತು. ಆರ್‌ಟಿಎಕ್ಸ್ 3060 ಎಳೆಯುವುದು 170 ವ್ಯಾಟ್, 12 ಜಿಬಿ ಮೆಮೊರಿ, ಆಸೆ ಹುಟ್ಟಿಸುವ ಕಾರ್ಡೇ. ಆದರೆ 2024ರಲ್ಲಿ ಅದು 25 ಸಾವಿರದ ಹತ್ತಿರವಿತ್ತು. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್ ಮಾತ್ರ, ಬೆಲೆ ಅದಕ್ಕಿಂತ ಎರಡು ಮೂರು ಸಾವಿರ ಮೇಲೆ. ಆರ್‌ಎಕ್ಸ್ 6600 ಎಳೆಯುವುದು 132 ವ್ಯಾಟ್, ಆಗ ಸುಮಾರು 20 ಸಾವಿರ. 24 ಇಂಚಿನ 1080ಪಿ (1920×1080 ಚುಕ್ಕೆಗಳ) ಮಾನಿಟರ್‌ಗೆ ಇದು ಸಾಕು, ಇದನ್ನೇ ತಗೊಂಡೆ. ಅದಕ್ಕಿಂತ ಹೆಚ್ಚು ಚುಕ್ಕೆಗಳ 1440ಪಿ ಮಾನಿಟರ್ ಇರುವವರು ಈ ಲೆಕ್ಕ ಹಿಡಿಯಬೇಡಿ.

ಇನ್ನು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ವೋಲ್ಟೇಜಿಗೆ ಇಳಿಸುವ ಡಬ್ಬಿ. ಜಗಳ ಹೆಚ್ಚು ನಡೆದದ್ದು ಇದರ ಮೇಲೆಯೇ. 250 ವ್ಯಾಟ್ ಎಳೆಯುವ ಮೆಷಿನ್‌ಗೆ 450 ಸಾಕು ಅಂತ ಒಬ್ಬರು, ಮುಂದಕ್ಕೆ ಇರಲಿ 750 ಹಾಕು ಅಂತ ಇನ್ನೊಬ್ಬರು. ಇಬ್ಬರೂ ವ್ಯಾಟ್ ನೋಡುತ್ತಿದ್ದರು, ನಾನು ನೋಡಿದ್ದು ಹೋಲ್ಡ್-ಅಪ್ ಟೈಮ್, ಅಂದರೆ ಕರೆಂಟು ನಿಂತ ಮೇಲೂ ಎಸ್‌ಎಂಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದು. ಕರೆಂಟು ಹೋದ ಕ್ಷಣದಿಂದ ಯುಪಿಎಸ್ ಬ್ಯಾಟರಿಗೆ ತಿರುಗುವವರೆಗೆ ಹತ್ತು ಮಿಲಿಸೆಕೆಂಡ್‌ವರೆಗೂ ಆಗಬಹುದು. ಅಷ್ಟು ಹೊತ್ತು ಮೆಷಿನ್ ಬದುಕುವುದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿರುವ ಚಾರ್ಜ್‌ನಿಂದ. ಒಳ್ಳೆಯದು ಪೂರ್ತಿ ಲೋಡ್‌ನಲ್ಲೂ 16 ಮಿಲಿಸೆಕೆಂಡ್ ತಡೆಯುತ್ತದೆ. ಅಗ್ಗದವರು ದುಡ್ಡು ಉಳಿಸುವುದೇ ಆ ಕೆಪಾಸಿಟರ್‌ನಲ್ಲಿ. ಲೋಡ್ ಅರ್ಧವಾದರೆ ತಡೆಯುವ ಹೊತ್ತು ಹೆಚ್ಚುಕಮ್ಮಿ ಇಮ್ಮಡಿ. ಹಾಗಾಗಿ 550 ವ್ಯಾಟ್‌ನದನ್ನು 230ರಲ್ಲಿ ಓಡಿಸುವುದು ದುಂದುವೆಚ್ಚವಲ್ಲ.

ಪರೀಕ್ಷೆಗೆ ತಂದ ಅಗ್ಗದ 450 ವ್ಯಾಟ್‌ನದು ಇದನ್ನೇ ತೋರಿಸಿತು. ಡೆಸ್ಕ್‌ಟಾಪ್‌ನಲ್ಲಿ ಸುಮ್ಮನಿದ್ದಾಗ ಕರೆಂಟು ತೆಗೆದರೆ ಏನೂ ಆಗುತ್ತಿರಲಿಲ್ಲ. ಆಟ ಓಡುತ್ತಿದ್ದಾಗ ತೆಗೆದರೆ ಪ್ರತಿ ಸಲ ರೀಸ್ಟಾರ್ಟ್. ಇದನ್ನು ಕಂಡು ಅಂಗಡಿಯವರು ಯುಪಿಎಸ್ ಹೋಗಿದೆ ಅನ್ನುತ್ತಾರೆ, ಹೊಸ ಯುಪಿಎಸ್ ಮಾರುತ್ತಾರೆ. ಗುರುತು ಸುಲಭ. ಯುಪಿಎಸ್ ಉದ್ದಕ್ಕೆ ಕೂಗಿ ತಾನೂ ಆರಿದರೆ ಓವರ್‌ಲೋಡ್. ಯುಪಿಎಸ್ ಬೀಪ್ ಮಾಡುತ್ತಾ ಬದುಕಿದ್ದು ಪಿಸಿ ಮಾತ್ರ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್. ಪರೀಕ್ಷೆ ಮಾಡುವಾಗ ಪ್ಲಗ್ ಕೀಳಬೇಡಿ, ಗೋಡೆಯ ಸ್ವಿಚ್ ಆರಿಸಿ, ಅರ್ಥಿಂಗ್ ಉಳಿದಿರುತ್ತದೆ. ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಬ್ರಾಂಜ್ ಚೀಟಿ ಹೇಳುವುದು ಎಷ್ಟು ವಿದ್ಯುತ್ ವ್ಯರ್ಥವಾಗುತ್ತದೆ ಅಂತ ಮಾತ್ರ, ಹೋಲ್ಡ್-ಅಪ್ ಟೈಮ್ ಬಗ್ಗೆ ಅದು ಏನೂ ಹೇಳುವುದಿಲ್ಲ. ನಾನು ಹಾಕಿದ 550 ವ್ಯಾಟ್‌ನದಕ್ಕೆ ನಾಲ್ಕು ಸಾವಿರದ ಮೇಲೆ ಚಿಲ್ಲರೆ ಬಿತ್ತು.

ಮನೆಯ ಇನ್ವರ್ಟರ್ ಮೇಲೇ ಪಿಸಿ ಹಾಕುವವರಿಗೆ: ಹಿಂದಿರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ನಾರ್ಮಲ್ ಮೋಡ್‌ನಲ್ಲಿ ಬದಲಾಗುವ ಹೊತ್ತು ಫ್ಯಾನ್, ಲೈಟಿಗೆ ಸಾಕು, ಪಿಸಿಗೆ ಸಾಲದು. ಚೌಕ ಅಲೆಯ ಒರಟು ಕರೆಂಟು ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಬೇಡವೇ ಬೇಡ.

ಅರ್ಥಿಂಗ್ ಅಂದೆನಲ್ಲ, ಹಳೆ ಮನೆಗಳಲ್ಲಿ ಮೂರನೇ ಪಿನ್ ಬರೀ ಅಲಂಕಾರ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ಇದರಿಂದಲೇ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಕ್ಯಾಬಿನೆಟ್ಟನ್ನು ಲೈನ್‌ನ ಸುಮಾರು ಅರ್ಧ ವೋಲ್ಟೇಜಿಗೆ ತೇಲಿಸುತ್ತದೆ, ಮಲ್ಟಿಮೀಟರ್ ನೂರರ ಮೇಲೆ ತೋರಿಸಬಹುದು. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಚುಚ್ಚಿ ಪೋರ್ಟ್ ಸುಟ್ಟುಕೊಂಡವರಿದ್ದಾರೆ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ಮೀರಿದರೆ ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಪಿಸಿ.

ಪ್ರೊಸೆಸರ್ ರೈಝನ್ 5 5600. ಇದು ಕೂರುವುದು ಎಎಂ4 ಅನ್ನುವ ಸಾಕೆಟ್‌ನ ಬೋರ್ಡ್‌ನಲ್ಲಿ, ಎಎಂ5 ಅದರ ಮುಂದಿನ ಪೀಳಿಗೆ. "ಎಎಂ4 ಸತ್ತ ಸಾಕೆಟ್" ಅಂದವರಿಗೆ ನನ್ನ ಉತ್ತರ ದುಡ್ಡಿನದು: ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್, ರೈಝನ್ 5 7600 ಪ್ರೊಸೆಸರ್ ಸೇರಿದರೆ ಆಗ 12-13 ಸಾವಿರ ಹೆಚ್ಚಾಗುತ್ತಿತ್ತು, 6600 ಕಾರ್ಡ್‌ನ ಜತೆ ಅದರಲ್ಲಿ ಬಹುಪಾಲು ಸುಮ್ಮನೆ ಕೂರುತ್ತಿತ್ತು. ಒಳಗೇ ಗ್ರಾಫಿಕ್ಸ್ ಇರುವ 5600ಜಿ ಬೇಡ. ಪ್ರೊಸೆಸರ್ ಒಳಗಿನ ವೇಗದ ಮೆಮೊರಿ (ಎಲ್3 ಕ್ಯಾಶ್) 32 ಎಂಬಿಯ ಬದಲು 16, ಕಾರ್ಡ್‌ಗೆ ಹೋಗುವ ದಾರಿ ಪಿಸಿಐಇ 4ರ ಬದಲು 3. ಬೇರೆ ಕಾರ್ಡ್ ಹಾಕುವುದಾದರೆ ಅದಕ್ಕೆ ಅರ್ಥವಿಲ್ಲ. ಆದರೆ 5600ಕ್ಕೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬರುವ ಮೊದಲು ಬೋರ್ಡ್ ಪರೀಕ್ಷಿಸಲು ಹೋದರೆ ಕಪ್ಪು ಪರದೆಯೇ. ಹಳೆ ಸ್ಟಾಕಿನ ಬಿ450 ಬೋರ್ಡ್ ಅಗ್ಗವಾಗಿ ಕೊಡುತ್ತೇನೆ ಅಂದರೆ ಪ್ರೊಸೆಸರ್ ಕೆಲಸ ಮಾಡದಿದ್ದರೂ ಬಯೋಸ್ (ಬೋರ್ಡ್‌ನ ಮೂಲ ತಂತ್ರಾಂಶ) ಏರಿಸುವ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯೇ ನೋಡಿ, ಹಳೆ ಬಯೋಸ್ 5600 ಅನ್ನು ಗುರುತಿಸದೆ ಇರಬಹುದು. ಇಲ್ಲದಿದ್ದರೆ ಬಯೋಸ್ ಏರಿಸಲು ಯಾರದೋ ಹಳೆ ಪ್ರೊಸೆಸರ್ ಹುಡುಕಬೇಕಾದೀತು.

ನಾನು ಹಾಕಿದ್ದು ಬಿ550ಎಂ. 6600 ಕಾರ್ಡ್ ಬಳಸುವುದು ಪಿಸಿಐಇಯ ಎಂಟೇ ಲೇನ್ (ಡೇಟಾ ಹೋಗುವ ಸಾಲು), ಪಿಸಿಐಇ 3 ಬೋರ್ಡ್‌ನಲ್ಲಿ ದಾರಿ ಕಿರಿದಾಗುತ್ತದೆ ಅನ್ನುವ ಮಾತಿದೆ. ಬಯೋಸ್‌ನಲ್ಲಿ ಪಿಸಿಐಇ 3ಕ್ಕೆ ಇಳಿಸಿ ಅಳೆದೆ. ಬಹುತೇಕ ಆಟಗಳಲ್ಲಿ ನೂರಕ್ಕೆ ಎರಡು ಮೂರು ಫ್ರೇಮ್ ವ್ಯತ್ಯಾಸ. ಟೆಕ್ಸ್ಚರ್ (ಆಟದ ಚಿತ್ರಗಳ ವಿವರ) ಏರಿಸಿ ಕಾರ್ಡ್‌ನ 8 ಜಿಬಿ ಮೆಮೊರಿ ತುಂಬಿಸಿದಾಗ ಮಾತ್ರ ಪಿಸಿಐಇ 3ರಲ್ಲಿ ಎಡವುವುದು ಕಣ್ಣಿಗೇ ಕಂಡಿತು. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಲು ತಯಾರಿದ್ದರೆ ಪಿಸಿಐಇ 3ರ ಎ520 ಬೋರ್ಡ್‌ನಲ್ಲಿ ಆಗ ಎರಡು ಸಾವಿರ ಉಳಿಯುತ್ತಿತ್ತು.

ರ‍್ಯಾಮ್ 8+8 ಜಿಬಿ, ವೇಗ 3200, ತಡ ಸೂಚಿಸುವ ಅಂಕಿ ಸಿಎಲ್16. ಒಂದೇ 16ರ ಕಡ್ಡಿ ಹಾಕಿ ನೋಡಿದಾಗ ಪ್ರೊಸೆಸರ್ ಮೇಲೆ ಭಾರ ಬೀಳುವ ಆಟಗಳಲ್ಲಿ ಐದರಲ್ಲಿ ಒಂದು ಪಾಲು ಫ್ರೇಮ್ ಹೋಯಿತು. ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್, ಆ ವೇಗ ಸಿಗಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಯಾವುದಾದರೂ ಆದೀತು, ಒಳಗಿನ ಮೆಮೊರಿ ಟಿಎಲ್‌ಸಿ ಬಗೆಯದಾಗಿರಲಿ.

ಕ್ಯಾಬಿನೆಟ್ ಮುಂದೆ ಗಾಜು ಬೇಡ, ಜಾಲರಿ ಇರಲಿ. ಧೂಳಿಗೆ ಅಂತ ಸೊಳ್ಳೆ ಪರದೆ ಕತ್ತರಿಸಿ ಮುಂದೆ ಕಟ್ಟಿ ನೋಡಿದೆ: ಕಾರ್ಡ್ ನಾಲ್ಕೈದು ಡಿಗ್ರಿ ಬಿಸಿ, ಫ್ಯಾನ್ ಸದ್ದು ಜೋರು. ತೆಗೆದುಹಾಕಿದೆ. ಹಿಂದಿನ ಖಾಲಿ ಸ್ಲಾಟ್‌ಗಳ ತಗಡು ಮಾತ್ರ ಬಿಡದೆ ಮುಚ್ಚಿ, ನಮ್ಮ ಕಡೆ ಹಲ್ಲಿ, ಇರುವೆಗಳಿಗೆ ಬೆಚ್ಚಗಿನ ಜಾಗ ಅಂದರೆ ಅದೇ.

ಎಲ್ಲ ಸೇರಿ ಮಾನಿಟರ್ ಬಿಟ್ಟು ಆಗ 56-57 ಸಾವಿರ ಆಯಿತು. ಪ್ರೊಸೆಸರ್ 11ರ ಒಳಗೆ, ಬೋರ್ಡ್ ಎಂಟೂವರೆ, ರ‍್ಯಾಮ್ ಮೂರೂವರೆ, ಎಸ್‌ಎಸ್‌ಡಿ ಐದು ಚಿಲ್ಲರೆ, ಕ್ಯಾಬಿನೆಟ್ ಮೂರೂವರೆ. 2025ರ ಕೊನೆಗೆ ರ‍್ಯಾಮ್ ಬೆಲೆ ಹಾರಿದೆ, ಆ ಸಾಲನ್ನು ನಂಬಬೇಡಿ. ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಚೌಕಾಸಿ ನಡೆಯುವುದು ಪೂರ್ತಿ ಪಟ್ಟಿ ಒಂದೇ ಕಡೆ ಕೊಟ್ಟರೆ. ಯಾವ ಅಂಗಡಿ ಅಂತ ಕೇಳಬೇಡಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸದೆ ಹೊರಗೆ ಕಾಲಿಡಬೇಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ನೋಡುವವರು ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ ಶೇಡರ್ (ಚಿತ್ರ ಲೆಕ್ಕಹಾಕುವ ಘಟಕ) ಸಂಖ್ಯೆ 2304 ಇದೆಯೇ ನೋಡಿ. 2048 ಅಂದರೆ ಅದು ಹೆಸರು ಬದಲಿಸಿಕೊಂಡ 570. ಅಸಲಿಯಾದರೂ 185 ವ್ಯಾಟ್ ತಿನ್ನುತ್ತದೆ, ನನ್ನ ಲೆಕ್ಕಕ್ಕೆ ಬರಲೇ ಇಲ್ಲ.

ಕೊನೆಗೆ ಮೀಟರ್: ಸುಮ್ಮನಿದ್ದಾಗ 55-60 ವ್ಯಾಟ್, ಆಟದಲ್ಲಿ 235ರ ಹತ್ತಿರ, ಮಾನಿಟರ್ 25. ಪ್ರೊಸೆಸರ್‌ನ ಪಿಪಿಟಿ (ವ್ಯಾಟ್ ಮಿತಿ) 76ರಿಂದ 60ಕ್ಕೆ ಇಳಿಸಿ, ಕಾರ್ಡ್‌ನ ವೋಲ್ಟೇಜ್ 1150ರಿಂದ 1075 ಮಿಲಿವೋಲ್ಟ್‌ಗೆ ತಂದು, ಫ್ರೇಮನ್ನು ಸೆಕೆಂಡಿಗೆ 141ಕ್ಕೆ ಕಟ್ಟಿದ ಮೇಲೆ ಪಿಸಿ ಒಂದೇ 200ರ ಆಸುಪಾಸಿಗೆ ಬಂತು. ಪ್ರೊಸೆಸರ್‌ನ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನ ಕೋರ್‌ವಾರು ಅಂಕಿ ಹೇಳುವುದಿಲ್ಲ, ಅದು ನನ್ನ ಚಿಪ್‌ನ ಗುಟ್ಟು. ಎಲ್ಲಕ್ಕೂ ಮೈನಸ್ 15ರಿಂದ ಶುರು ಮಾಡಿ ಹುಡುಕಿಕೊಳ್ಳಿ. ಹೊಸ ಬ್ಯಾಟರಿಯಲ್ಲಿ ಐದಾರು ನಿಮಿಷ ಸಿಗುತ್ತದೆ, ಸೇವ್ ಮಾಡಿ ಶಟ್‌ಡೌನ್ ಮಾಡಲು ಬೇಕಾದಷ್ಟು. ಬ್ಯಾಟರಿ ಹಳೆಯದಾದಂತೆ ಅದು ಇಳಿಯುತ್ತಾ ಹೋಗುತ್ತದೆ, ಹಾಗಾಗಿ ಜೂನ್‌ಗೆ ಮೊದಲು ಸ್ವಿಚ್ ಆರಿಸಿ ಒಮ್ಮೆ ಅಳೆದುಕೊಳ್ಳಿ.